ಹಳದಿ ಚೀಟಿಯ ಕೊನೆಯ ಗೆರೆ

ಸ್ವಲ್ಪ ಸರಿದು ಜಾಗ ಬಿಡಿ. ನಿಮ್ಮ ಮುಂದೆ ನಿಂತಿರುವುದು ಸಾಮಾನ್ಯ ಆಸಾಮಿಯಲ್ಲ. ಒಂದು ಸ್ಕೂಲ್ ಬೋರ್ಡು, ಅದರ ಕಪ್ಪು ಕೋಟಿನ ವಕೀಲೆ, ರಾಜ್ಯದ ಕಾರ್ಮಿಕ ಮಂಡಳಿ, ಈ ಮೂರನ್ನೂ ಒಂದೇ ಒಂದು ಡೈಲಾಗಿನಿಂದ ಮಕಾಡೆ ಮಲಗಿಸಿದವನು ನಾನು. ಹೆಸರು ಲೈಲ್ ಪ್ರೂಯಿಟ್. ವಯಸ್ಸು ಇಪ್ಪತ್ತೆರಡು. ಕೈಯಲ್ಲಿದ್ದ ಆಯುಧ ಒಂದು ಮಾಪು, ಒಂದು ಬಕೆಟ್ಟು. ಆ ಡೈಲಾಗು ಏನೆಂದು ಕೇಳುತ್ತೀರಾ? ತಗೊಳ್ಳಿ:

“ಕಾಗದದ ಮೇಲೆ ಯಾರನ್ನ ಬೇಕಾದ್ರೂ ಬಾಸ್ ಮಾಡ್ಕೊಳ್ಳಿ ಮೇಡಂ. ಆದ್ರೆ ಬಕೆಟ್ಟಿಗೆ ಓದೋಕೆ ಬರಲ್ಲ!”

ಹೇಗಿದೆ? ಹಿಂದೆ ಡ್ರಮ್ಮು ಬಡಿದ ಹಾಗೆ ಕೇಳಿಸಿತಲ್ಲ? ಕೇಳಿಸದಿದ್ದರೆ ತಪ್ಪು ನಿಮ್ಮದು. ಈ ಡೈಲಾಗು ಯಾವಾಗ ಬಂತು, ಯಾಕೆ ಬಂತು ಎಂಬುದನ್ನು ಮೊದಲಿಂದ ಹೇಳುತ್ತೇನೆ. ತಾಳ್ಮೆ ಇರಲಿ. ಇದರಲ್ಲಿ ನನಗೆ ಬಂದ ಸಿಟ್ಟು ನಿಮಗೂ ಸ್ವಲ್ಪ ಬರಲಿ.

ಓಹಾಯೋದ ಹಾರ್ಲನ್ ಕ್ರೀಕ್ ಎಂಬ ಊರಿನ ಪ್ರೈಮರಿ ಶಾಲೆಯಲ್ಲಿ ನಾವಿಬ್ಬರು ಕಸ್ಟೋಡಿಯನ್‌ಗಳು. ಕಸ್ಟೋಡಿಯನ್ ಎಂದರೆ ನೆಲ ಒರೆಸುವವರು, ಶಾಲೆಯನ್ನು ಬೆಚ್ಚಗಿಡುವ ಬಾಯ್ಲರನ್ನು ಬೈಯುವವರು, ಮೂರನೇ ಕ್ಲಾಸಿನ ಮಗು ವಾಂತಿ ಮಾಡಿಕೊಂಡರೆ ಓಡುವವರು. ಒಬ್ಬ ನಾನು. ಇನ್ನೊಬ್ಬರು ಬರ್ನಡೀನ್ ಹ್ರುಸ್ಕಾ, ಎಲ್ಲರ ಬಾಯಲ್ಲಿ ಬರ್ನಿ. ಐವತ್ತೆಂಟು ವಯಸ್ಸು, ಇಪ್ಪತ್ತಾರು ವರ್ಷ ಸರ್ವಿಸು. ಸೊಂಟದಲ್ಲಿ ಇಡೀ ಶಾಲೆಯ ಕೀಲಿಕೈ ತೂಗಾಡುತ್ತಿದ್ದುದರಿಂದ ಅವರು ಬರುವ ಮುಂಚೆ ಅವರ ಸದ್ದು ಬರುತ್ತಿತ್ತು. ಹೀರೋ ಎಂಟ್ರಿಗೆ ಇದಕ್ಕಿಂತ ಒಳ್ಳೆಯ ಮ್ಯೂಸಿಕ್ಕು ಬೇಕೆ? ನಾನು ಕೆಲಸಕ್ಕೆ ಸೇರಿದ ಮೊದಲ ವಾರವೇ ಅವರಿಗೆ ‘ಚೀಫ್’ ಎಂದು ಹೆಸರಿಟ್ಟೆ. ಆಮೇಲೆ ಟೀಚರುಗಳೂ, ಮಕ್ಕಳೂ ಹಾಗೇ ಕರೆಯತೊಡಗಿದರು.

ಅವರ ಹುದ್ದೆಯ ಹೆಸರು ಹೆಡ್ ಕಸ್ಟೋಡಿಯನ್. ‘ಹೆಡ್’ ಎಂದರೆ ಏನು ಎಂದು ಒಮ್ಮೆ ಕೇಳಿದ್ದೆ.

“ಬಾಯ್ಲರ್ ಕೆಟ್ರೆ ಮೊದ್ಲು ನನ್ನ ತಲೆ ತಿಂತಾರೆ. ಅದಕ್ಕೇ ಹೆಡ್ಡು,” ಎಂದಿದ್ದರು.

ಆ ವರ್ಷ ಶಾಲೆ ಮುಚ್ಚುತ್ತದೆಂದು ಊರಿನ ಶಾಲೆಗಳನ್ನೆಲ್ಲ ನಡೆಸುವ ಬೋರ್ಡು ಹೇಳಿತು. ಜೂನ್ ತಿಂಗಳಿಗೆ ಬೀಗ. ಯೂನಿಯನ್ನಿನ ಸದಸ್ಯರಿಗೆ ಸರ್ವಿಸ್ ಪ್ರಕಾರ ಊರಿನ ಬೇರೆ ಶಾಲೆಗಳಲ್ಲಿ ಜಾಗ ಕೊಡಲೇಬೇಕು, ಒಪ್ಪಂದದಲ್ಲಿ ಹಾಗೆ ಬರೆದಿದೆ. ಬರ್ನಿಗೆ ಹೈಸ್ಕೂಲಿನಲ್ಲಿ ಜಾಗ ಖಾತ್ರಿ ಇತ್ತು. ಆಗ ಬೋರ್ಡಿಗೆ ಇದ್ದಕ್ಕಿದ್ದಂತೆ ಜ್ಞಾನೋದಯವಾಯಿತು: ಹೆಡ್ ಕಸ್ಟೋಡಿಯನ್ ಎಂದರೆ ಸೂಪರ್‌ವೈಸರ್, ಸೂಪರ್‌ವೈಸರ್ ಯೂನಿಯನ್ನಿನಲ್ಲಿ ಇರುವಂತಿಲ್ಲ. ಇಪ್ಪತ್ತಾರು ವರ್ಷ ಅವರ ಸಂಬಳದಿಂದ ಯೂನಿಯನ್ ಚಂದಾ ಹಿಡಿದುಕೊಂಡವರಿಗೆ ಈಗ ಈ ಹೊಸ ಅನುಮಾನ. ಯೂನಿಯನ್ನಿನಿಂದ ಹೊರಬಿದ್ದರೆ ಬರ್ನಿಗೆ ಹೈಸ್ಕೂಲೂ ಇಲ್ಲ, ಸರ್ವಿಸೂ ಇಲ್ಲ. ಜೂನ್ ಕೊನೆಗೆ ಕೀಲಿಕೈ ಕೊಟ್ಟು ಮನೆಗೆ.

ಕೇಸು ಕಾರ್ಮಿಕ ಮಂಡಳಿಗೆ ಹೋಯಿತು. ಜನವರಿಯಲ್ಲಿ ವಿಚಾರಣೆ. ಎಲ್ಲಿ? ನಮ್ಮದೇ ಶಾಲೆಯ ಲೈಬ್ರರಿಯಲ್ಲಿ, ಏಕೆಂದರೆ ಬೋರ್ಡ್ ಆಫೀಸಿನಲ್ಲಿ ಹೊಸ ಕಾರ್ಪೆಟ್ಟು ಹಾಕುತ್ತಿದ್ದರು. ತಮ್ಮ ಮೇಲಿನ ಕೇಸಿಗೆ ಮೇಜು ಕುರ್ಚಿ ಜೋಡಿಸಿದವರು ಯಾರು? ಬರ್ನಿ. ಸಾಕ್ಷಿಗೆ ನೀರಿನ ಜಗ್ಗು ಇಟ್ಟವರು? ಬರ್ನಿ. ನಾನು ಒಂದು ಕಡೆ ಹಿಡಿದುಕೊಂಡೆ, ಅವರು ಇನ್ನೊಂದು ಕಡೆ.

“ಚೀಫ್, ನಿಮ್ಮ ನೇಣಿಗೆ ಹಗ್ಗಾನೂ ನೀವೇ ತರ್ತೀರೇನು?”

“ಸ್ಟೋರ್ ರೂಮಲ್ಲಿದೆ. ಬಾಯಿ ಮುಚ್ಕೊಂಡು ಎತ್ತು, ಹೀರೋ. ಕಾಲಿನ ಮೇಲೆ ಹಾಕ್ಕೋಬೇಡ.”

ವಿಚಾರಣಾಧಿಕಾರಿ ಎಂಬ ಮನುಷ್ಯನ ಮುಖ ತಣ್ಣಗಿನ ಓಟ್ಸ್ ಗಂಜಿಯ ಹಾಗಿತ್ತು. ಬೋರ್ಡಿನ ವಕೀಲೆ ಮಿಸ್ ಫೆನ್ವಿಕ್. ಯೂನಿಯನ್ನಿನ ಕಡೆ ಪೆಟ್ಟಿಬೋನ್. ಆತ ವಕೀಲನಲ್ಲ, ಸ್ಕೂಲ್ ಬಸ್ಸು ಓಡಿಸುವವನು, ಕೇಸಿದ್ದ ದಿನ ಮಾತ್ರ ಟೈ ಕಟ್ಟುವವನು. ಎಲ್ಲರೂ ಎರಡನೇ ಕ್ಲಾಸಿನ ಮಕ್ಕಳ ಕುರ್ಚಿಗಳಲ್ಲಿ ಮೊಣಕಾಲು ಎದೆಗೆ ತಾಗಿಸಿಕೊಂಡು ಕೂತರು.

ಮಿಸ್ ಫೆನ್ವಿಕ್ ಶುರು ಮಾಡಿದಳು. “ಮಿಸೆಸ್ ಹ್ರುಸ್ಕಾ, ಈ ಮೇಜುಗಳನ್ನ ಜೋಡಿಸಿದ್ದು ಯಾರು?”

“ನಾನೇ. ಪ್ರಿನ್ಸಿಪಾಲರು ಹೇಳಿದ್ರು.”

“ಯಾವ ಮೇಜು ಎಲ್ಲಿ ಅಂತಾನೂ ಹೇಳಿದ್ರಾ?”

“ಇಲ್ಲ. ಅದನ್ನೂ ಹೇಳ್ಬೇಕಾ?”

“ಅಂದ್ರೆ ಅದು ನಿಮ್ಮ ಸ್ವತಂತ್ರ ವಿವೇಚನೆ.”

“ಅಲ್ಲಮ್ಮಾ, ಅದು ಪ್ಲಗ್ ಪಾಯಿಂಟು. ನಿಮ್ಮ ಕಂಪ್ಯೂಟರಿನ ವೈರು ಗಿಡ್ಡ ಇದೆಯಲ್ಲ.”

‘ಸ್ವತಂತ್ರ ವಿವೇಚನೆ.’ ಇಡೀ ಕೇಸು ಈ ಎರಡು ಪದಗಳ ಮೇಲೆ ನಿಂತಿತ್ತು. ಇನ್ನೊಬ್ಬ ಕೆಲಸಗಾರನಿಗೆ ಕೆಲಸ ಹಂಚುವುದು, ಶಿಕ್ಷೆ ಕೊಡುವುದು, ಇದನ್ನೆಲ್ಲ ಸ್ವಂತ ವಿವೇಚನೆಯಿಂದ ಮಾಡಿದರೆ ಸೂಪರ್‌ವೈಸರ್. ಬರೀ ದಿನನಿತ್ಯದ ರೂಢಿಯಿಂದ ಮಾಡಿದರೆ ಅಲ್ಲ.

“ಹಿಮ ಬಿದ್ದಾಗ ಯಾವ ಬಾಗಿಲ ಮುಂದೆ ಮೊದಲು ತೆಗೀಬೇಕು ಅಂತ ಯಾರು ನಿರ್ಧಾರ ಮಾಡ್ತಾರೆ?”

“ಮಕ್ಕಳು ಬರೋ ಬಾಗಿಲು. ಅದಕ್ಕೆ ನಿರ್ಧಾರ ಯಾಕೆ?”

“ಅಂದ್ರೆ ನೀವೇ ನಿರ್ಧಾರ ಮಾಡ್ತೀರಿ.”

“ಹಿಮ ನಿರ್ಧಾರ ಮಾಡುತ್ತೆ!”

“ಮಗು ವಾಂತಿ ಮಾಡಿದಾಗ ಲೈಲ್ ಹೋಗ್ಬೇಕೋ ನೀವು ಹೋಗ್ಬೇಕೋ ಅನ್ನೋದು?”

“ಯಾರು ಹತ್ರ ಇರ್ತೀವೋ ಅವ್ರು. ಇಲ್ಲಾ, ಯಾರು ಇನ್ನೂ ಊಟ ಮಾಡಿಲ್ವೋ ಅವ್ರು.”

ವಿಚಾರಣಾಧಿಕಾರಿ ಅದನ್ನೂ ಬರೆದುಕೊಂಡ. ಹೀಗೇ ಎರಡೂವರೆ ಗಂಟೆ. ಪೇಪರ್ ಟವೆಲ್ ಯಾರು ತರಿಸುತ್ತಾರೆ, ಬಲ್ಬು ಯಾರು ಬದಲಿಸುತ್ತಾರೆ, ಬಲ್ಬು ಬದಲಿಸಬೇಕೆಂದು ಯಾರಿಗೆ ಮೊದಲು ಹೊಳೆಯುತ್ತದೆ. ನನ್ನ ಮೈಯೆಲ್ಲ ಉರಿಯುತ್ತಿತ್ತು. ಬರ್ನಿ ಎಷ್ಟು ಸರಳವಾಗಿ ಹೇಳಿದರೂ ಆ ವಕೀಲೆ ಅದನ್ನು ಎತ್ತಿ ತಿರುಗಿಸಿ ಅಧಿಕಾರದ ಕುರ್ಚಿ ಮಾಡಿ ಅವರನ್ನೇ ಅದರ ಮೇಲೆ ಕೂರಿಸುತ್ತಿದ್ದಳು. ತಲೆ ಕೆಲಸ ಮಾಡುವ ಯಾವ ಮನುಷ್ಯನೂ ಯೂನಿಯನ್ನಿನಲ್ಲಿ ಇರುವಂತಿಲ್ಲ ಎಂದು ನೇರವಾಗಿ ಹೇಳಿಬಿಟ್ಟಿದ್ದರೆ ಎಲ್ಲರೂ ಬೇಗ ಊಟಕ್ಕೆ ಹೋಗಬಹುದಿತ್ತು.

ಆದರೂ ಪೆಟ್ಟಿಬೋನ್ ಸಮಾಧಾನದಲ್ಲಿದ್ದ. “ಮೇಜು, ಹಿಮ, ಬಲ್ಬು ಎಲ್ಲಾ ರೂಢಿ. ಶಿಕ್ಷೆ ಕೊಟ್ಟಿದ್ದು ಒಂದೂ ಇಲ್ಲ. ನಾವು ಗೆದ್ದ ಹಾಗೇ,” ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದ.

ಆಗ ಮಿಸ್ ಫೆನ್ವಿಕ್ ತನ್ನ ಫೈಲಿನಿಂದ ಒಂದು ಹಳದಿ ಚೀಟಿ ತೆಗೆದಳು.

ಅದನ್ನು ನಾನು ದೂರದಿಂದಲೇ ಗುರುತಿಸಿದೆ.

ಹಳದಿ ಚೀಟಿಯ ಬಗ್ಗೆ ಹೇಳಬೇಕು. ಕೆಲಸದ ಮಧ್ಯೆ ಯಾರನ್ನಾದರೂ ತಪ್ಪಿಗಾಗಿ ಮನೆಗೆ ಕಳಿಸಿದರೆ ಈ ಚೀಟಿ ತುಂಬಬೇಕು. ಮೇಲೆ ಹೆಸರು, ನಡುವೆ ಕಾರಣ, ಕೊನೆಗೆ ಒಂದು ಗೆರೆ, ಗೆರೆಯ ಕೆಳಗೆ ಸಣ್ಣಕ್ಷರದಲ್ಲಿ ‘ಸೂಪರ್‌ವೈಸರ್ ಸಹಿ’. ಅಕ್ಟೋಬರಿನಲ್ಲಿ ಒಂದು ಶುಕ್ರವಾರ ನಾನು ಮೂರು ವರ್ಷದಿಂದ ಕಾದಿದ್ದ ಫೈಟಿಂಗ್ ಸಿನಿಮಾ ಬಿಡುಗಡೆಯಾಯಿತು. ಮಧ್ಯಾಹ್ನ ಒಂದಕ್ಕೆ ಮೊದಲ ಆಟ. ನನ್ನ ರಜೆಗಳೆಲ್ಲ ಖಾಲಿ. ಸುಮ್ಮನೆ ಹೋದರೆ ಗೈರುಹಾಜರಿ, ಇನ್ನೊಂದು ಗೈರುಹಾಜರಿಯಾದರೆ ಕೆಲಸಕ್ಕೇ ಕುತ್ತು. ಮನೆಗೆ ಕಳಿಸಿದರೆ ಮಾತ್ರ ಗೈರುಹಾಜರಿ ಆಗುವುದಿಲ್ಲ. ಮಹಾಬುದ್ಧಿವಂತ ನಾನು. ಒಂದು ಹಳದಿ ಚೀಟಿ ತಗೊಂಡು, ನನ್ನ ಮೇಲೆ ನಾನೇ ದೂರು ಬರೆದು, ಕೊನೆಯ ಗೆರೆಯ ಮೇಲೆ ‘ಬಿ. ಹ್ರುಸ್ಕಾ’ ಎಂದು ಗೀಚಿ, ಆಫೀಸಿನ ಟ್ರೇಯಲ್ಲಿ ಹಾಕಿದೆ. ಬರ್ನಿಗೆ ಹೊಟ್ಟೆನೋವೆಂದು ಹೇಳಿ ಓಡಿದೆ. ಟ್ರೇಯಲ್ಲಿದ್ದುದನ್ನು ಯಾರೂ ಓದುವುದಿಲ್ಲ, ಫೈಲಿಗೆ ಹೋಗುತ್ತದೆ ಎಂದುಕೊಂಡಿದ್ದೆ. ಹಾಗೇ ಆಯಿತು, ಮಿಸ್ ಫೆನ್ವಿಕ್ ಆ ಫೈಲು ಬಿಚ್ಚುವವರೆಗೆ.

ಈಗ ಅವಳು ಅದನ್ನು ಗಂಟಲು ಸರಿಮಾಡಿಕೊಂಡು ಗಂಭೀರವಾಗಿ ಓದಿದಳು.

“ಕಾರಣ: ಈ ಕಾರಿಡಾರಿನಲ್ಲಿ ಎರಡು ಮಾಪುಗಳಿಗೆ ಜಾಗವಿಲ್ಲ. ಇವನು ಕಾಲಿಟ್ಟ ಕಡೆ ನೆಲ ಒಣಗುವುದಿಲ್ಲ, ಕಣ್ಣೀರು ಒಣಗುವುದಿಲ್ಲ. ಇವತ್ತಿಗೆ ಇವನನ್ನು ಬಿಟ್ಟುಬಿಡುತ್ತಿದ್ದೇನೆ. ನಾಳೆ ನನ್ನ ಬಕೆಟ್ಟು ಮಾತಾಡುತ್ತದೆ.”

ವಿಚಾರಣಾಧಿಕಾರಿ ‘ಬಕೆಟ್ಟು’ ಎಂದು ಬರೆದುಕೊಂಡ.

“ಮಿಸೆಸ್ ಹ್ರುಸ್ಕಾ, ಇದು ನೀವು ಬರೆದಿದ್ದಾ?”

ಬರ್ನಿ ಚೀಟಿಯನ್ನು ನೋಡಿದರು. ತಲೆಯೆತ್ತಿ ನನ್ನ ಕಡೆ ನೋಡಿದರು. ಅವರ ಕಣ್ಣಲ್ಲಿ ಸಿಟ್ಟಿರಲಿಲ್ಲ. ನೆಲ ಒರೆಸಿ ಮುಗಿಸಿದ ಮೇಲೆ ಯಾರೋ ಬೂಟು ಹಾಕಿಕೊಂಡು ನಡೆದು ಹೋದರೆ ಆ ಹೆಜ್ಜೆಗಳನ್ನು ನೋಡುತ್ತಾರಲ್ಲ, ಹಾಗೆ ನೋಡಿದರು.

“ನೆನಪಿಲ್ಲ,” ಎಂದರು.

ನನ್ನನ್ನು ಕರೆದರು. ಬೆನ್ನ ಹಿಂದೆ ಸಿನಿಮಾದ ಹಾಗೆ ಗಾಳಿ ಬೀಸಬೇಕಿತ್ತು. ಹೀಟರಿನ ಗಾಳಿ ಬೀಸುತ್ತಿತ್ತು, ಅಷ್ಟೇ.

“ಮಿಸ್ಟರ್ ಪ್ರೂಯಿಟ್, ಇವರನ್ನ ನೀವು ಏನಂತ ಕರೀತೀರಿ?”

“ಚೀಫ್.”

“ಆ ದಿನ ನೀವು ಮನೆಗೆ ಹೋದ್ರಾ?”

“ಹೋದೆ.”

“ಇದು ಅವರ ಸಹಿನಾ?”

ಸುಳ್ಳು ಸಹಿ ಹಾಕಿದವನಿಗೆ ಕೆಲಸ ಇರುವುದಿಲ್ಲ. ಅದು ನನಗೆ ಗೊತ್ತಿತ್ತು. ಪೆಟ್ಟಿಬೋನ್‌ನ ಟೈ ನೋಡಿದೆ. ಜಗ್ಗು ನೋಡಿದೆ. ಬರ್ನಿಯ ಕಡೆ ನೋಡಲಿಲ್ಲ.

“ಹೌದು, ಅವರದೇ ಇರ್ಬೇಕು,” ಎಂದೆ.

ಗಾಬರಿ ಬೇಡ, ಡೈಲಾಗು ಮುಂದೆ ಇದೆ.

ವಿಚಾರಣೆ ಮುಗಿದ ಮೇಲೆ ಮೇಜುಗಳನ್ನು ವಾಪಸ್ ಇಟ್ಟವರೂ ನಾವೇ. ಬರ್ನಿ ಮೇಜಿನ ತಮ್ಮ ಕಡೆಯ ತುದಿ ಎತ್ತಿಕೊಂಡು ನಡೆದರು. ನಾನು ಎರಡು ಸಲ ‘ಚೀಫ್’ ಎಂದೆ. ಮೂರನೇ ಸಲ ಕರೆಯದೆ ಕುರ್ಚಿ ಎತ್ತಿದೆ.

ಮಾರ್ಚ್ ತಿಂಗಳಲ್ಲಿ ತೀರ್ಪು ಬಂತು. ಹದಿನಾಲ್ಕು ಪುಟ. ಹನ್ನೊಂದನೇ ಪುಟದಲ್ಲಿ ನನ್ನ ಬಕೆಟ್ಟು: ‘ಬರವಣಿಗೆಯ ಶೈಲಿ ಅಸಾಮಾನ್ಯವಾಗಿದ್ದರೂ, ಶಿಸ್ತು ಕ್ರಮದ ಅಧಿಕಾರ ಸ್ಪಷ್ಟವಾಗಿದೆ.’ ಬರ್ನಿ ಸೂಪರ್‌ವೈಸರ್. ಯೂನಿಯನ್ನಿನಿಂದ ಹೊರಗೆ. ಹೊಸ ಸಾಕ್ಷ್ಯವಿದ್ದರೆ ಇಪ್ಪತ್ತೊಂದು ದಿನದಲ್ಲಿ ಕೊಡಬಹುದು.

ಅವತ್ತು ಮಧ್ಯಾಹ್ನ ಬಾಯ್ಲರ್ ರೂಮಿನಲ್ಲಿ ಬರ್ನಿ ಊಟದ ಡಬ್ಬಿ ಬಿಚ್ಚಿದರು. ಎಲೆಕೋಸು, ಬೆಣ್ಣೆ ಹಾಕಿ ಹುರಿದ ನೂಡಲ್ಸು. ಎರಡು ವರ್ಷದಿಂದ ಅದರಲ್ಲಿ ಅರ್ಧ ನನ್ನದು. ತಡೆಯಲಾಗಲಿಲ್ಲ.

“ಬರ್ನಿ, ಆ ಚೀಟಿ ನಾನು ಬರ್ದಿದ್ದು.”

“ಗೊತ್ತು.”

“ಗೊತ್ತಾ? ಯಾವಾಗಿಂದ?”

“‘ಕಣ್ಣೀರು ಒಣಗುವುದಿಲ್ಲ’ ಅಂತ ಓದಿದ್ಲಲ್ಲ, ಆವಾಗ್ಲೇ. ಇಡೀ ಊರಲ್ಲಿ ಅಷ್ಟು ಕೆಟ್ಟದಾಗಿ ಬರೆಯೋನು ಇನ್ಯಾರಿದಾನೆ?”

“ಮತ್ತೆ ‘ನೆನಪಿಲ್ಲ’ ಅಂತ ಯಾಕೆ ಹೇಳಿದ್ರಿ? ಇವನು ಬರ್ದಿದ್ದು ಅಂತ ನನ್ನ ಕಡೆ ಬೆರಳು ತೋರ್ಸಿದ್ರೆ ಮುಗೀತಿತ್ತಲ್ಲ!”

ಬರ್ನಿ ಫೋರ್ಕು ಕೆಳಗಿಟ್ಟರು. “ನನ್ನ ಮಾತಿನ ಮೇಲೆ ನಿನ್ನ ಕೆಲಸ ಹೋದ್ರೆ ಅದಕ್ಕೆ ಏನಂತಾರೆ? ಅದನ್ನೇ ಅಲ್ವಾ ಆ ಹುಡುಗಿ ಇಡೀ ದಿನ ಕೇಳಿದ್ದು? ಯೂನಿಯನ್ನಿನವ್ರು ಯೂನಿಯನ್ನಿನವ್ರ ಮೇಲೆ ಚೀಟಿ ಬರೆಯಲ್ಲ ಕಣೋ. ನಮ್ಮಪ್ಪ ಸ್ಟೀಲ್ ಫ್ಯಾಕ್ಟರೀಲಿ ಬರೀಲಿಲ್ಲ, ನಾನು ಇಲ್ಲಿ ಬರೀಲಿಲ್ಲ.”

“ಈಗ ಬರೀರಿ. ನಾನೇ ತುಂಬಿ ಕೊಡ್ತೀನಿ. ಕಾರಣ, ಸುಳ್ಳು ಸಹಿ. ಕೆಳಗೆ ನೀವು ಸಹಿ ಮಾಡಿ.”

“ನೀನು ದಡ್ಡನೋ, ದಡ್ಡನ ಪಾತ್ರ ಮಾಡ್ತಿದೀಯೋ? ಆ ಗೆರೆ ಮೇಲೆ ನಾನು ಸಹಿ ಮಾಡಿದ್ರೆ ನಾನು ಸೂಪರ್‌ವೈಸರ್ರೇ ಅಂತ ನಾನೇ ಬರ್ಕೊಟ್ಟ ಹಾಗೆ. ಮಾಡ್ದಿದ್ರೆ ಅದು ಸುಳ್ಳು ಸಹಿ ಅಂತ ಯಾರಿಗೂ ಗೊತ್ತಾಗಲ್ಲ. ಎರಡು ಕಡೆನೂ ಗೋಡೆ ಕಟ್ಟಿ ಹೋಗಿದೀಯ, ಒಂದು ಸಿನಿಮಾಗೆ.” ಡಬ್ಬಿಯ ಮುಚ್ಚಳ ಹಾಕಿದರು. “ಚೆನ್ನಾಗಿತ್ತಾ ಆ ಸಿನಿಮಾ?”

“ಇಲ್ಲ.”

“ಒಳ್ಳೇದಾಯ್ತು.”

ಎದ್ದು ಹೋದರು. ಮರುದಿನದಿಂದ ಅವರ ಊಟ ಪಾರ್ಕಿಂಗಿನಲ್ಲಿ, ತಮ್ಮ ಕಾರಿನೊಳಗೆ, ಹೀಟರ್ ಹಾಕಿಕೊಂಡು.

ಹೋಗಿ ಹೇಳಬೇಕಾದವನು ನಾನೊಬ್ಬನೇ. ಎಷ್ಟು ದಿನ ತಗೊಂಡೆ? ಲೆಕ್ಕ ಕೇಳಬೇಡಿ. ದಿನಾ ಬೆಳಿಗ್ಗೆ ಬಾತ್‌ರೂಮಿನ ಕನ್ನಡಿಯ ಮುಂದೆ ಡೈಲಾಗು ಅಭ್ಯಾಸ ಮಾಡುತ್ತಿದ್ದೆ. ಬಕೆಟ್ಟಿಗೆ ಓದೋಕೆ ಬರಲ್ಲ ಎಂಬುದು ಹುಟ್ಟಿದ್ದೇ ಅಲ್ಲಿ, ಹಲ್ಲುಜ್ಜುವ ಬ್ರಷ್ಷನ್ನು ಮೈಕ್ ಮಾಡಿಕೊಂಡು. ಶಾಲೆಗೆ ಹೋದರೆ ಪ್ರಿನ್ಸಿಪಾಲರ ಬಾಗಿಲ ಮುಂದಿನ ನೆಲವನ್ನು ನಾಲ್ಕು ಸಲ ಒರೆಸಿ ವಾಪಸ್ಸು. ಆ ವಾರಗಳಲ್ಲಿ ಹಾರ್ಲನ್ ಕ್ರೀಕಿನಲ್ಲಿ ಅಷ್ಟು ಹೊಳೆಯುವ ನೆಲ ಇನ್ನೆಲ್ಲೂ ಇರಲಿಲ್ಲ.

ಹತ್ತೊಂಬತ್ತನೇ ದಿನ ಒಳಗೆ ಹೋದೆ. ಪ್ರಿನ್ಸಿಪಾಲ್ ಮಿಸ್ಟರ್ ಟಟಲ್ ಫೋನಿನಲ್ಲಿದ್ದರು. ಕೈಯಲ್ಲಿ ಕೂರು ಎಂದು ಸನ್ನೆ ಮಾಡಿದರು. ಹನ್ನೆರಡು ನಿಮಿಷ ಕೂತೆ. ಫೋನ್ ಇಟ್ಟು “ಏನು, ಮತ್ತೆ ಟಾಯ್ಲೆಟ್ಟು ಕಟ್ಟಿಕೊಂಡಿದೆಯಾ?” ಎಂದರು.

“ಆ ಹಳದಿ ಚೀಟಿ ನಾನು ಬರ್ದಿದ್ದು, ಮಿಸ್ಟರ್ ಟಟಲ್. ಸಹಿನೂ ನಂದೇ. ಬರ್ನಿಗೆ ಗೊತ್ತಿರ್ಲಿಲ್ಲ.”

ಅವರ ಸಿಟ್ಟು ಬಾಯ್ಲರಿನ ಮುಳ್ಳಿನ ಹಾಗೆ ಮೇಲೇರಿತು. ಬೋರ್ಡಿಗೆ ಫೋನ್ ಮಾಡಿದರು. ಎರಡೂವರೆಯ ಹೊತ್ತಿಗೆ ನನ್ನನ್ನು ತೆಗೆದುಹಾಕುವ ಕಾಗದ ತಯಾರಾಯಿತು. ಅದರ ಕೊನೆಯಲ್ಲೂ ಅದೇ ಗೆರೆ. ಮಿಸ್ಟರ್ ಟಟಲ್ ಬರ್ನಿಯನ್ನು ಕರೆಸಿದರು.

“ಬರ್ನಿ, ಇಲ್ಲೊಂದು ಸಹಿ ಹಾಕಿ. ಈಗ ನೀವೇ ತಾನೆ ಸೂಪರ್‌ವೈಸರ್ರು.”

ಬರ್ನಿ ಕಾಗದ ಓದಿದರು. ನನ್ನ ಕಡೆ ನೋಡಿದರು. ಕೀಲಿಕೈ ಒಮ್ಮೆ ಸದ್ದು ಮಾಡಿತು.

“ನಾನು ಹಾಕಲ್ಲ.”

“ಹಾಕಲ್ಲ ಅಂದ್ರೆ? ಇವನು ನಿಮ್ಮ ಹೆಸರಲ್ಲಿ ಸುಳ್ಳು ಸಹಿ ಮಾಡಿದಾನೆ! ನಿಮ್ಮ ಕೈ ಕೆಳಗಿನೋನು!”

“ನನ್ನ ಕೈ ಕೆಳಗೆ ಇರೋದು ಮಾಪು. ಇವನು ಪಕ್ಕದಲ್ಲಿದ್ದ.”

“ಬರ್ನಿ, ಇದು ನಿಮ್ಮ ಕೆಲಸ.”

“ಇಪ್ಪತ್ತಾರು ವರ್ಷದಲ್ಲಿ ಈ ಕೋಣೆಗೆ ಐದು ಜನ ಪ್ರಿನ್ಸಿಪಾಲರು ಬಂದು ಹೋದ್ರು. ಕೆಲಸದಿಂದ ತೆಗೆದವ್ರು ಅವ್ರೇ. ನಾನು ಕುರ್ಚಿ ಒರೆಸಿದೆ.”

ಮಿಸ್ಟರ್ ಟಟಲ್‌ಗೆ ಮೂರು ಗಂಟೆಗೆ ಇನ್ನೊಂದು ಮೀಟಿಂಗು ಇತ್ತು. ಪೆನ್ನು ಕಿತ್ತುಕೊಂಡು, ಆ ಗೆರೆಯ ಮೇಲೆ, ‘ಸೂಪರ್‌ವೈಸರ್ ಸಹಿ’ ಎಂದಿದ್ದ ಕಡೆ, ತಮ್ಮ ಹೆಸರನ್ನೇ ದೊಡ್ಡದಾಗಿ ಗೀಚಿ ನನ್ನ ಕೈಗೆ ಒಂದು ಪ್ರತಿ ಕೊಟ್ಟರು.

ಆ ಸಂಜೆ ಬಸ್ ಡಿಪೋದಲ್ಲಿ ಪೆಟ್ಟಿಬೋನ್ ಅದನ್ನು ಓದಿದ. ಮೊದಲು ನನ್ನನ್ನು ಬಾಯಿಗೆ ಬಂದಂತೆ ಬೈದ. ಆಮೇಲೆ ಕೆಳಗಿನ ಗೆರೆ ನೋಡಿದ. ಮತ್ತೆ ನೋಡಿದ. ಟೈ ಇಲ್ಲದಿದ್ದರೂ ಟೈ ಸರಿಮಾಡಿಕೊಂಡ.

“ಲೋ, ಅವರು ಸಹಿ ಹಾಕಲ್ಲ ಅಂದ್ರಾ? ಆಮೇಲೆ ಟಟಲ್ಲೇ ಹಾಕಿದ್ನಾ? ಆ ಗೆರೆ ಮೇಲೇ?”

“ಹೂಂ.”

“ದೇವರೇ! ಇನ್ನೇನು ಬೇಕು?”

ಇಪ್ಪತ್ತನೇ ದಿನ ಅರ್ಜಿ ಹೋಯಿತು. ಮೇ ತಿಂಗಳಲ್ಲಿ ಮತ್ತೆ ವಿಚಾರಣೆ, ಅದೇ ಲೈಬ್ರರಿ, ಅದೇ ಕುರ್ಚಿಗಳು. ಶಾಲೆಗೆ ಬೀಗ ಬೀಳಲು ಒಂಬತ್ತು ದಿನ ಇದ್ದಾಗ ಹೊಸ ತೀರ್ಪು ಬಂತು: ಶಿಕ್ಷೆ ಕೊಡುವ ಅಧಿಕಾರ ಇದ್ದುದು ಪ್ರಿನ್ಸಿಪಾಲರಿಗೆ, ಉಳಿದದ್ದೆಲ್ಲ ರೂಢಿ. ಬರ್ನಿ ಯೂನಿಯನ್ನಿನವರೇ. ಈಗ ಅವರು ಹೈಸ್ಕೂಲಿನಲ್ಲಿದ್ದಾರೆ, ಅಲ್ಲಿನ ಬಾಯ್ಲರನ್ನು ಬೈಯುತ್ತಿದ್ದಾರೆ. ನಾನು ಕಾರು ತೊಳೆಯುವ ಕಡೆ ಇದ್ದೇನೆ.

ಡೈಲಾಗು ಎಲ್ಲಿ ಎನ್ನುತ್ತೀರಾ?

ಸರಿ. ಎರಡನೇ ವಿಚಾರಣೆಗೆ ನಾನು ಒಳ್ಳೆ ಶರ್ಟು ಹಾಕಿಕೊಂಡು ಹೋಗಿದ್ದೆ. ಲೈಬ್ರರಿಯ ಹೊರಗೆ ಮಕ್ಕಳ ಬೆಂಚಿನ ಮೇಲೆ ಕೂತು, ಬಕೆಟ್ಟಿನ ಡೈಲಾಗನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ, ಹೆಸರು ಕೂಗುವುದನ್ನು ಕಾದೆ. ಒಂಬತ್ತೂವರೆಯಿಂದ ಹನ್ನೆರಡರವರೆಗೆ. ನನ್ನನ್ನು ಯಾರೂ ಕರೆಯಲಿಲ್ಲ. ಅವರಿಗೆ ಬೇಕಾಗಿದ್ದುದು ಕಾಗದ. ಕಾಗದ ಒಳಗಿತ್ತು. ಕೇಸು ಗೆದ್ದದ್ದು ಬರ್ನಿ ಹಾಕದೆ ಬಿಟ್ಟ ಒಂದು ಸಹಿಯಿಂದ. ನನ್ನಿಂದ ಆದದ್ದು ಅದು ಸೋತದ್ದು ಮಾತ್ರ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಹತ್ತೊಂಬತ್ತನೇ ದಿನ ಪ್ರಿನ್ಸಿಪಾಲರ ಬಾಗಿಲು ತಟ್ಟಿದ್ದು ಧೈರ್ಯದಿಂದಲ್ಲ, ನ್ಯಾಯದಿಂದಲೂ ಅಲ್ಲ. ಬಾಯ್ಲರ್ ರೂಮಿನಲ್ಲಿ ಒಬ್ಬನೇ ಕೂತು ತಿನ್ನುವುದು ಸಾಕಾಗಿತ್ತು. ಅಲ್ಲಿಂದ ಮೇಲಿನ ಸಣ್ಣ ಕಿಟಕಿಯಲ್ಲಿ ಪಾರ್ಕಿಂಗು ಕಾಣುತ್ತದೆ. ಅವತ್ತು ಬರ್ನಿ ಕಾರಿನಲ್ಲಿ ಡಬ್ಬಿ ಬಿಚ್ಚಿ, ಅರ್ಧ ತಿಂದು, ಉಳಿದರ್ಧವನ್ನು ಸ್ವಲ್ಪ ಹೊತ್ತು ನೋಡಿ, ಮುಚ್ಚಳ ಹಾಕಿದ್ದು ಕಾಣಿಸಿತು. ಅದಕ್ಕೇ ಹೋದೆ. ಅಷ್ಟೇ ನಡೆದದ್ದು.